ನೀರುಚಿಗಟದ ಅಜ್ಜಿ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ನೀರಲ್ಲಿ ವಿಷ ಇದೆಯಾ ಇಲ್ವಾ ನೋಡೋಕೆ ಲ್ಯಾಬ್‌ಗಳಲ್ಲಿ ಡಾಫ್ನಿಯಾ ಅನ್ನೋ ನೀರುಚಿಗಟ ಸಾಕ್ತಾರೆ ಅಂತ ನಾಲ್ಕು ಸಾಲು ಬರೆದಿದ್ದೆ ಅಷ್ಟೇ. ಇಷ್ಟು ಜನ ಈ ಹುಳ ಸಾಕ್ತಿದ್ದಾರೆ, ಅದರಲ್ಲೂ ಇಷ್ಟು ಜನ ಸಾಕೋಕೆ ಹೋಗಿ ಸಾಯಿಸ್ಕೊಂಡು ಕೂತಿದ್ದಾರೆ ಅಂತ ಗೊತ್ತಿರಲಿಲ್ಲ. ಬಂದ ಪ್ರಶ್ನೆಗಳಲ್ಲಿ ಒಂದೇ ಥರದವನ್ನ ಕೂಡಿಸಿ ಈ ಸಲದ ಪುಟ ಪೂರ್ತಿ ಇದಕ್ಕೇ ಬಿಟ್ಟಿದ್ದೀನಿ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ದಾರೆ, ಗೈಡ್‌ಗಳ ಭಯ ಇರಬೇಕು, ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾನು ಎಂ.ಎಸ್ಸಿ. ಪ್ರಾಣಿಶಾಸ್ತ್ರ ಪ್ರಾಜೆಕ್ಟ್ ಮಾಡ್ತಿದ್ದೀನಿ. ಪಕ್ಕದ ಲ್ಯಾಬಿಂದ ಒಂದು ಜಾಡಿ ಡಾಫ್ನಿಯಾ ಮ್ಯಾಗ್ನಾ ತಂದೆ. ಮೂರು ತಲೆಮಾರು ಸಾಕಿದ ಮೇಲೇ ಪ್ರಯೋಗ ಶುರು ಮಾಡು ಅಂತಾರೆ ನಮ್ಮ ಗೈಡ್. ಎಲ್ಲಾ ಒಂದೇ ತಾಯಿಯ ನಕಲು, ಒಂದೇ ವಂಶವಾಹಿ, ಮತ್ತೆ ಯಾಕೆ ಮೇಡಂ ಒಂದೂವರೆ ತಿಂಗಳು ಸುಮ್ನೆ ಕಾಯೋದು?

ಉತ್ತರ: ಸುಮ್ನೆ ಕಾಯೋದಲ್ಲಮ್ಮ, ಹಳೇ ಜಾಡಿಯ ನೆನಪು ಅಳಿಸ್ತಾ ಇರೋದು. ವಂಶವಾಹಿ ಒಂದೇ ಅನ್ನೋದು ನಿಜ, ಹೆಣ್ಣು ಡಾಫ್ನಿಯಾ ಗಂಡಿನ ಹಂಗಿಲ್ಲದೆ ತನ್ನದೇ ನಕಲು ಮರಿಗಳನ್ನ ಹಾಕತ್ತೆ, ಆದ್ರೆ ಮರಿ ಅಂದ್ರೆ ಬರೀ ವಂಶವಾಹಿ ಅಲ್ವಲ್ಲ. ತಾಯಿ ಬೆನ್ನ ಹಿಂದೆ ಚಿಪ್ಪಿನ ಒಳಗೆ ಒಂದು ಮರಿಚೀಲ ಇದೆ, ಮೊಟ್ಟೆ ಅಲ್ಲೇ ಸುಮಾರು ಮೂರು ದಿನ ಇದ್ದು ಮರಿಯಾಗಿ ಹೊರಗೆ ಬರತ್ತೆ, ಆ ಮೊಟ್ಟೆಗೆ ಎಷ್ಟು ಕೊಬ್ಬು ತುಂಬಬೇಕು ಅಂತ ನಿರ್ಧಾರ ಆಗೋದು ತಾಯಿ ಏನು ತಿಂದಿದ್ದಾಳೆ, ಎಷ್ಟು ಗುಂಪಲ್ಲಿ ಇದ್ದಾಳೆ, ಎಷ್ಟು ವಯಸ್ಸು ಅನ್ನೋದರ ಮೇಲೆ. ಹೊಟ್ಟೆಗಿಲ್ಲದ ತಾಯಿ ಬಡಕಲು ಮರಿ ಹಾಕತ್ತೆ ಅಂದ್ಕೋತೀವಿ, ಇಲ್ಲಿ ಉಲ್ಟಾ. ಆಹಾರ ಕಮ್ಮಿ ಇದ್ರೆ ಕಮ್ಮಿ ಮರಿ ಹಾಕತ್ತೆ, ಆದ್ರೆ ಒಂದೊಂದೂ ದೊಡ್ಡದು, ಹಸಿವು ತಡ್ಕೊಳ್ಳೋವಂಥದ್ದು. ಆಹಾರ ಧಾರಾಳ ಇದ್ರೆ ಸಣ್ಣ ಸಣ್ಣ ಮರಿಗಳ ಹಿಂಡು. ಈಗ ನೀವು ತಂದ ಜಾಡೀಲಿ ಹಸಿದ ತಾಯಿ ಮಕ್ಕಳು, ಉಂಡ ತಾಯಿ ಮಕ್ಕಳು, ಮುದುಕಿ ಮಕ್ಕಳು, ಮೊದಲ ಸೂಲಿನ ಮಕ್ಕಳು ಎಲ್ಲಾ ಕಲಸುಮೇಲೋಗರ, ಅದರಲ್ಲಿ ಇಪ್ಪತ್ತು ಮರಿ ಹಿಡಿದು ವಿಷಕ್ಕೆ ಹಾಕಿದ್ರೆ ನೀವು ಅಳೀತಿರೋದು ವಿಷವನ್ನೋ ಅವುಗಳ ಅಮ್ಮಂದಿರ ಊಟವನ್ನೋ ಗೊತ್ತಾಗಲ್ಲ.

ಮೂರು ತಲೆಮಾರು ಯಾಕೆ, ಒಂದು ಸಾಲದಾ ಅಂತ ಮುಂದಿನ ಪ್ರಶ್ನೆ ಬರತ್ತೆ. ನೀವು ತಂದ ಹೆಣ್ಣಿನ ಮರಿಚೀಲದಲ್ಲಿ ಆಗಲೇ ಮಗಳಿದ್ದಾಳೆ, ಆ ಮಗಳ ಮೈಯೊಳಗೆ ಮುಂದೆ ಮೊಮ್ಮಗಳಿಗೆ ಮೊಟ್ಟೆ ಆಗಬೇಕಾದ ಕೋಶಗಳೂ ಇವೆ. ಅಂದ್ರೆ ಪಕ್ಕದ ಲ್ಯಾಬಿನ ನೀರು ಅಜ್ಜಿ, ಅಮ್ಮ, ಮೊಮ್ಮಗಳು ಮೂವರಿಗೂ ಒಂದೇ ಸಲಕ್ಕೆ ತಾಗಿದೆ. ಆ ನೀರನ್ನ ಯಾವ ರೂಪದಲ್ಲೂ ಕಾಣದೇ ಇರೋಳು ಮರಿಮಗಳು ಮಾತ್ರ.

ಮಾಡೋ ರೀತಿ ಹೀಗೆ. ಚೆನ್ನಾಗಿರೋ ಒಂದೇ ಒಂದು ಹೆಣ್ಣು ಆರಿಸಿ, ಅವಳ ಮಕ್ಕಳನ್ನ ಒಂದೊಂದನ್ನೂ ಬೇರೆ ಬೇರೆ 50 ರಿಂದ 100 ಮಿಲಿಲೀಟರ್ ನೀರಲ್ಲಿ ಇಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದಿನಕ್ಕೆ 16 ಗಂಟೆ ಬೆಳಕು 8 ಗಂಟೆ ಕತ್ತಲು ಕೊಟ್ರೆ, ಹುಟ್ಟಿದ 8 ರಿಂದ 10 ದಿನಕ್ಕೆ ಮೊದಲ ಸೂಲು ಬರತ್ತೆ, ಆಮೇಲೆ ಹೆಚ್ಚುಕಮ್ಮಿ ಮೂರು ದಿನಕ್ಕೊಂದು. ಮೊದಲ ಸೂಲಿನ ಮರಿಗಳನ್ನ ಮುಂದಿನ ತಲೆಮಾರಿಗೆ ಇಟ್ಕೋಬೇಡಿ, ಸಣ್ಣವಿರ್ತಾವೆ, ಒಂದರ ಥರ ಒಂದು ಇರಲ್ಲ. ಎರಡನೇದು ಅಥವಾ ಮೂರನೇ ಸೂಲಿನ ಮರಿಗಳನ್ನೇ ತಗೊಳ್ಳಿ, ಮೂರೂ ತಲೆಮಾರಲ್ಲೂ ಅದೇ ಸೂಲು ಇರಲಿ. ಮೂರನೇ ಸೂಲು ಅಂದ್ರೆ ಒಂದು ತಲೆಮಾರಿಗೆ ಸುಮಾರು 15 ದಿನ, ಮೂರಕ್ಕೆ 45. ನಿಮ್ಮ ಗೈಡ್ ಒಂದೂವರೆ ತಿಂಗಳು ಅಂದಿದ್ದು ಗಾಳಿಗೆ ಅಂದಿದ್ದಲ್ಲ, ಲೆಕ್ಕ ಹಾಕೇ ಅಂದಿದ್ದು.

ಪ್ರಶ್ನೆ: ಚಿಗಟ ಅಂತೀರಲ್ಲ, ಕಚ್ಚತ್ತಾ? ಮನೇಲಿ ಸಾಕಿದ್ರೆ ನಾಯಿಗೆ ಹತ್ತತ್ತಾ?

ಉತ್ತರ: ಇಲ್ಲ, ಹೆಸರಷ್ಟೇ ಚಿಗಟ. ಇದು ಕೀಟವೇ ಅಲ್ಲ, ಸೀಗಡಿ ಏಡಿಗಳ ದೂರದ ನೆಂಟ, ನೀರಲ್ಲಿ ಚಿಗಟ ಹಾರಿದ ಹಾಗೆ ಎಗರಿ ಎಗರಿ ಈಜತ್ತೆ ಅಂತ 17ನೇ ಶತಮಾನದಲ್ಲೇ ಡಚ್ ವಿಜ್ಞಾನಿ ಸ್ವಾಮ್ಮರ್‌ಡಾಮ್ ಚಿಗಟ ಅಂತ ಕರೆದುಬಿಟ್ಟ, ಅದೇ ಅಂಟ್ಕೊಂಡಿದೆ. ಕಾಲಿಂದ ನೀರು ಸೋಸಿ ಪಾಚಿ ತಿನ್ನೋ ಪಾಪದ ಜೀವ, ನಾಯಿಯ ಗೊಡವೆಗೆ ಬರಲ್ಲ.

ಪ್ರಶ್ನೆ: ನಾಲ್ಕು ತಿಂಗಳು ಚೆನ್ನಾಗಿದ್ದ ಕಲ್ಚರ್ ಮೊನ್ನೆ ಒಂದೇ ರಾತ್ರೀಲಿ ಪೂರ್ತಿ ಸತ್ತುಹೋಯ್ತು. ಹಿಂದಿನ ದಿನ ಜಾಡಿ ಚೆನ್ನಾಗಿ ತೊಳೆದು ಹೊಸ ನೀರು ಹಾಕಿದ್ದೆ, ಆಹಾರ ಅದೇ, ಟೆಂಪರೇಚರ್ ಅದೇ. ಏನಾಗಿರಬಹುದು ಸರ್?

ಉತ್ತರ: (ಸರ್ ಅಲ್ಲ ಮೇಡಂ, ಪರವಾಗಿಲ್ಲ ಬಿಡಿ.) ಚೆನ್ನಾಗಿ ತೊಳೆದೆ ಅಂದ್ರಲ್ಲ, ನನ್ನ ಮೊದಲ ಅನುಮಾನ ಅದರ ಮೇಲೇನೇ. ಸೋಪಿನ ಅಂಶ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಉಳಿದ್ರೂ ಸಾಕು. ಕಲ್ಚರ್ ಜಾಡಿಗೆ ಸೋಪು ತೋರಿಸ್ಲೇಬೇಡಿ, ಬಿಸಿನೀರಲ್ಲಿ ಉಜ್ಜಿ, ಬಿಳಿ ಪದರ ಕಟ್ಟಿದ್ರೆ ದುರ್ಬಲ ಆ್ಯಸಿಡ್‌ನಲ್ಲಿ ನೆನೆಸಿ, ಆಮೇಲೆ ಡಿಸ್ಟಿಲ್ಡ್ ವಾಟರಲ್ಲಿ ಮೂರು ನಾಲ್ಕು ಸಲ ಜಾಲಿಸಿ, ಆ ಜಾಡಿಗಳನ್ನ ಬೇರೆ ಯಾವ ಕೆಮಿಕಲ್‌ಗೂ ಕೊಡಬೇಡಿ, ಕಪಾಟಲ್ಲಿ ಬೇರೆ ಖಾನೇನೇ ಇರಲಿ.

ಎರಡನೇ ಅನುಮಾನ ನೀರು. ನಲ್ಲಿ ನೀರಾದ್ರೆ ಕ್ಲೋರಿನ್. ಒಂದು ದಿನ ಗಾಳಿ ಬಿಟ್ರೆ ಕ್ಲೋರಿನ್ ಹೋಗತ್ತೆ ಅಂತ ಎಲ್ಲರಿಗೂ ಗೊತ್ತು, ಆದ್ರೆ ಕ್ಲೋರಮಿನ್ ಹಾಕಿದ ನೀರಾಗಿದ್ರೆ ಗಾಳಿಗೆ ಅಷ್ಟು ಸುಲಭಕ್ಕೆ ಹೋಗಲ್ಲ. ಮೂರನೇದು ತಾಮ್ರ, ಡಾಫ್ನಿಯಾಗೆ ತಾಮ್ರ ಅಂದ್ರೆ ಯಮ. ನಂದೇ ಒಂದು ಕಥೆ ಹೇಳ್ತೀನಿ, ಒಂಬತ್ತು ತಿಂಗಳು ಸಾಕಿದ ಒಂದು ವಂಶ ನಮ್ಮಲ್ಲಿ ಎರಡೇ ದಿನದಲ್ಲಿ ತಳ ಸೇರ್ತು, ಆಹಾರ ಬದಲಾಯಿಸಿ ನೋಡಿದ್ವಿ, ಜಾಡಿ ಬದಲಾಯಿಸಿ ನೋಡಿದ್ವಿ, ಊಹೂಂ, ಕೊನೆಗೆ ನೋಡಿದ್ರೆ ಯಾರೋ ಏರೇಟರ್ ಪೈಪಿಗೆ ಪ್ಲಾಸ್ಟಿಕ್ ವಾಲ್ವ್ ತೆಗೆದು ಹಿತ್ತಾಳೆ ವಾಲ್ವ್ ಹಾಕಿದ್ರು, ಅದರಲ್ಲಿ ನೀರು ತೇವ ಕಟ್ಟಿ ಜಾಡಿಗೆ ತೊಟ್ಟಿಕ್ತಿತ್ತು. ಹಿತ್ತಾಳೇಲಿ ತಾಮ್ರ ಸತು ಎರಡೂ ಇದೆ. ಅವತ್ತಿಂದ ನಾನು ಯಾವ ಲ್ಯಾಬಿಗೆ ಹೋದ್ರೂ ಮೊದಲು ನೋಡೋದು ಪೈಪು.

ಇನ್ನೊಂದು, ನೀರು ಎಷ್ಟು ಶುದ್ಧ ಇದ್ರೆ ಅಷ್ಟು ಒಳ್ಳೇದು ಅಂದ್ಕೊಂಡು ಬರೀ ಡಿಸ್ಟಿಲ್ಡ್ ವಾಟರ್ ಹಾಕಿರೋರೂ ಇದ್ದಾರೆ. ಚಿಪ್ಪಿಗೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಮ್ಯಾಗ್ನಾಗೆ ಗಡಸು ನೀರೇ ಬೇಕು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 140 ಮಿಲಿಗ್ರಾಂಗಿಂತ ಜಾಸ್ತಿ, 250ರ ತನಕ. ಹೊಸ ನೀರು ಹಾಕೋ ಮುಂಚೆ ಜಾಡಿಯ ಟೆಂಪರೇಚರ್‌ಗೇ ತಂದ್ಕೊಳ್ಳಿ, ಮತ್ತೆ ಒಂದೇ ಸಲ ಪೂರ್ತಿ ಬದಲಾಯಿಸೋ ಬದಲು ನಾಲ್ಕೈದು ಪ್ರಾಣಿ ಹಾಕಿ ಒಂದು ದಿನ ನೋಡಿ ಆಮೇಲೆ ಉಳಿದವನ್ನ ಸಾಗಿಸಿ. ಹತ್ತು ಪೈಸೆ ಖರ್ಚಿಲ್ಲದ ಈ ಕೆಲಸ ಯಾರೂ ಮಾಡಲ್ಲ.

ಅಂದ ಹಾಗೆ, ಪೂರ್ತಿ ಸತ್ತಿದೆ ಅಂತ ಖಾತ್ರಿ ತಾನೇ? ದೊಡ್ಡ ಹೆಣ್ಣುಗಳು ಎರಡು ಮೂರು ದಿನಕ್ಕೊಮ್ಮೆ ಪೊರೆ ಕಳಚ್ತಾವೆ, ಆ ಪೊರೆ ಕೈಕಾಲು ಸಮೇತ ಪ್ರಾಣಿಯ ಆಕಾರದಲ್ಲೇ ತಳದಲ್ಲಿ ಬಿದ್ದಿರತ್ತೆ. ಅದನ್ನ ಹೆಣ ಅಂತ ಎಣಿಸಿದ ವಿದ್ಯಾರ್ಥಿಗಳನ್ನ ನೋಡಿದ್ದೀನಿ. ಹೆಣಕ್ಕೆ ಕಪ್ಪು ಕಣ್ಣಿರತ್ತೆ, ಪೊರೆಗೆ ಇರಲ್ಲ.

ಪ್ರಶ್ನೆ: ಯೀಸ್ಟ್ ಹಾಕಿದ್ರೆ ಸಾಲದಾ, ಪಾಚಿ ಬೆಳೆಸೋದು ಬೇರೆ ತಲೆನೋವು. ಎಷ್ಟು ಹಾಕ್ಬೇಕು ಅಂತಾನೂ ಹೇಳಿ.

ಉತ್ತರ: ಮೀನಿಗೆ ತಿನ್ನಿಸೋಕೆ ಸಾಕೋದಾದ್ರೆ ಯೀಸ್ಟ್ ಸಾಕು. ಪ್ರಯೋಗಕ್ಕೆ ಬೇಡ. ಬರೀ ಯೀಸ್ಟಲ್ಲಿ ಅವಕ್ಕೆ ಬೇಕಾದ ಕೊಬ್ಬಿನ ಆಮ್ಲಗಳು ಸಿಗಲ್ಲ, ತಿಂದು ಮಿಕ್ಕಿದ್ದು ತಳದಲ್ಲಿ ಕೊಳೆತು ಆಕ್ಸಿಜನ್ ತಿನ್ನತ್ತೆ, ಒಂದೆರಡು ತಲೆಮಾರು ಹೇಗೋ ತಳ್ಳತ್ತೆ, ಆಮೇಲೆ ಸೂಲಿನ ಮರಿ ಎಣಿಕೆ ಇಳೀತಾ ಹೋಗತ್ತೆ, ನೀವು ಏನೋ ರೋಗ ಅಂದ್ಕೋತೀರಿ. ಲ್ಯಾಬ್‌ಗಳಲ್ಲಿ ಕ್ಲೋರೆಲ್ಲಾ, ರಾಫಿಡೋಸೆಲಿಸ್, ಡೆಸ್ಮೋಡೆಸ್ಮಸ್ ಥರದ ಒಂಟಿಕೋಶದ ಹಸಿರು ಪಾಚಿ ಬೆಳೆಸಿ, ಸೆಂಟ್ರಿಫ್ಯೂಜ್ ಮಾಡಿ, ಅದು ಬೆಳೆದ ಗೊಬ್ಬರದ ನೀರನ್ನ ಚೆಲ್ಲಿ, ಗಟ್ಟಿ ಹಸಿರನ್ನ ಡಾಫ್ನಿಯಾ ನೀರಲ್ಲೇ ಕಲಸಿ ಹಾಕ್ತಾರೆ. 21 ದಿನದ ಸಂತಾನ ಪರೀಕ್ಷೆಗೆ ಓಇಸಿಡಿ (ಇಂಥ ಪರೀಕ್ಷೆಗಳ ನಿಯಮ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) ಹೇಳೋ ಅಳತೆ ಒಂದು ಪ್ರಾಣಿಗೆ ದಿನಕ್ಕೆ 0.1 ರಿಂದ 0.2 ಮಿಲಿಗ್ರಾಂ ಇಂಗಾಲ, ಸಣ್ಣ ಮರಿಗೆ 0.1ರ ಕಡೆ, ಬೆಳೆದಿದ್ದಕ್ಕೆ 0.2ರ ಕಡೆ. ಇಂಗಾಲ ಅಳೆಯೋ ಮೆಷಿನ್ ಎಲ್ಲಿಂದ ತರೋದು ಅಂತೀರಾ, ಒಂದು ಸಲ ಯಾರ ಹತ್ರಾನಾದ್ರೂ ಅಳೆಸ್ಕೊಂಡು ಬಂದು ಅದನ್ನ ಪಾಚಿ ಕೋಶಗಳ ಎಣಿಕೆಗೋ ಕಲರಿಮೀಟರ್ ರೀಡಿಂಗ್‌ಗೋ ಹೊಂದಿಸಿ ಒಂದು ಗ್ರಾಫ್ ಮಾಡಿಟ್ಕೊಳ್ಳಿ, ಆಮೇಲೆ ರೀಡಿಂಗ್ ನೋಡಿ ಹಾಕೋದು ಅಷ್ಟೇ.

ಕಣ್ಣಳತೆ ಬೇಕಾ? ನಾಳೆ ಬೆಳಿಗ್ಗೆ ನೋಡಿದಾಗ ನೀರು ತಿಳಿ ಆಗಿರಬೇಕು, ಕರುಳು ಮಾತ್ರ ಹಸಿರು ಗೆರೆ ಥರ ಕಾಣ್ತಿರಬೇಕು. ನೀರೂ ಹಸಿರಾಗೇ ಇದ್ರೆ ಜಾಸ್ತಿ ಹಾಕಿದ್ದೀರಿ, ಕರುಳೇ ಬಿಳಚಿಕೊಂಡಿದ್ರೆ ಹಸಿದಿದ್ದಾವೆ. ಪ್ರಾಣಿಗಳೇ ಕೆಂಪಗೆ ತಿರುಗಿದ್ರೆ ಆರೋಗ್ಯ ಅಂತ ಖುಷಿ ಪಡಬೇಡಿ, ಆಕ್ಸಿಜನ್ ಸಾಲದೆ ಹಿಮೊಗ್ಲೋಬಿನ್ ಜಾಸ್ತಿ ಮಾಡ್ಕೊಂಡಿದ್ದಾವೆ ಅಂತ ಅರ್ಥ.

ತಲೆಮಾರುಗಟ್ಟಲೆ ಸಾಕೋರಿಗೆ ಒಂದು ಮುಖ್ಯ ವಿಷಯ. ನಾಲ್ಕು ಉಪ್ಪು ಮಾತ್ರ ಕಲಸಿದ ಸಾದಾ ಕೃತಕ ನೀರಲ್ಲಿ ಪೂರ್ತಿ ಕಾಲ ಸಾಕಿದ್ರೆ ಒಂದು ಹಂತದಲ್ಲಿ ಈಜೋ ಕೊಂಬುಗಳು ಮುರಿದ ಹಾಗೆ ಕಾಣ್ಸತ್ತೆ. ಎಲೆಂಡ್ಟ್ ಅನ್ನೋ ಸಂಶೋಧಕಿ 1990ರಲ್ಲಿ ಇದಕ್ಕೆ ಕಾರಣ ಸೆಲೆನಿಯಂ ಕೊರತೆ ಅಂತ ತೋರಿಸಿದ್ರು. ಎಂ4, ಎಂ7 ಅಂತ ಉದ್ದ ಪಟ್ಟಿಯ ಮೀಡಿಯಂಗಳು, ಅಂದ್ರೆ ಕಲಸಿ ಮಾಡೋ ಸಾಕೋ ನೀರುಗಳು, ಬಳಕೆಗೆ ಬಂದಿದ್ದು ಇಂಥ ಕೊರತೆ ತುಂಬೋಕೆ. ಆದ್ರೆ ಆ ಎರಡರಲ್ಲೂ ಇಡಿಟಿಎ ಇದೆ, ಅದು ಲೋಹಗಳನ್ನ ಕಟ್ಟಿಹಾಕತ್ತೆ, ಹಾಗಾಗಿ ಲೋಹದ ವಿಷ ಪರೀಕ್ಷೆಯನ್ನ ಎಂ4ನಲ್ಲಿ ಮಾಡಿದ್ರೆ ವಿಷ ಏನೂ ಮಾಡ್ಲೇ ಇಲ್ಲ ಅಂತ ಸುಳ್ಳು ಉತ್ತರ ಬರತ್ತೆ. ಸಾಕೋ ನೀರು ಒಂದು, ಪರೀಕ್ಷೆ ನೀರು ಇನ್ನೊಂದು ಆಗೋದಾದ್ರೆ ಪರೀಕ್ಷೆಗೆ ಮುಂಚೆ ಸುಮಾರು ಮೂರು ವಾರ, ಅಂದ್ರೆ ಕಡೇಪಕ್ಷ ಒಂದು ಪೂರ್ತಿ ತಲೆಮಾರು, ಆ ಹೊಸ ನೀರಲ್ಲೇ ಬೆಳೆಸ್ಕೊಳ್ಳಿ.

ಪ್ರಶ್ನೆ: ಹೈಸ್ಕೂಲ್ ಮೇಷ್ಟ್ರು ನಾನು. ಮಕ್ಕಳಿಗೆ ಇದರ ಹೃದಯ ಬಡಿತ ತೋರಿಸಬೇಕು, ಎಣಿಸೋಕೇ ಆಗ್ತಿಲ್ಲ.

ಉತ್ತರ: ಆಗಲ್ಲ ಮೇಷ್ಟ್ರೇ, ನಿಮಿಷಕ್ಕೆ 200 ದಾಟತ್ತೆ, ಬಿಸಿ ಏರಿದ್ರೆ ಇನ್ನೂ ಜಾಸ್ತಿ. ಫೋನಲ್ಲಿ ಮೈಕ್ರೋಸ್ಕೋಪ್ ಕಣ್ಣಿಂದಾನೇ ಹತ್ತು ಸೆಕೆಂಡ್ ಸ್ಲೋ ಮೋಷನ್ ವಿಡಿಯೋ ತೆಗೆದು ಮಕ್ಕಳಿಗೆ ಪೇಪರ್ ಮೇಲೆ ಚುಕ್ಕಿ ಇಡ್ತಾ ಎಣಿಸೋಕೆ ಹೇಳಿ. ಸ್ಲೈಡಿನ ಮೇಲೆ ಜಾಸ್ತಿ ಹೊತ್ತು ಇಡಬೇಡಿ, ಲೈಟಿನ ಕಾವಿಗೆ ಬೆಂದುಹೋಗತ್ತೆ.

ಪ್ರಶ್ನೆ: ನನ್ನ ಕಲ್ಚರಲ್ಲಿ ಕೆಲವು ಹೆಣ್ಣುಗಳ ಬೆನ್ನ ಮೇಲೆ ಕಪ್ಪು ಗುರುತು ಬಂದಿದೆ, ತಳದಲ್ಲಿ ಕಪ್ಪು ಚೂರುಗಳು ಬಿದ್ದಿವೆ. ಫಂಗಸ್ಸಾ? ಜೊತೆಗೆ ಸಣ್ಣ ಸಣ್ಣ, ಬಲು ಚುರುಕಿನ ಪ್ರಾಣಿಗಳೂ ಕಾಣ್ತಿವೆ.

ಉತ್ತರ: ಫಂಗಸ್ ಅಲ್ಲ, ನಿಮ್ಮ ಕಲ್ಚರಿಗೆ ಕಷ್ಟಕಾಲ ಬಂದಿದೆ. ಆ ಚುರುಕಿನ ಸಣ್ಣವು ಗಂಡುಗಳು, ಮೂತಿ ಹತ್ರ ಇರೋ ಸಣ್ಣ ಮೀಸೆ ಹೆಣ್ಣಿಗಿಂತ ಉದ್ದ ಇರತ್ತೆ ನೋಡಿ. ಬೆನ್ನ ಮೇಲಿನ ಕಪ್ಪುದು ಎಫಿಪ್ಪಿಯಂ, ಗ್ರೀಕಲ್ಲಿ ಅದರ ಅರ್ಥ ಕುದುರೆ ಬೆನ್ನಿನ ಜೀನು. (ಕುದುರೆ ಜೀನು ರೀ, ಡಿಎನ್‌ಎ ಜೀನ್ ಅಲ್ಲ.) ಅದರೊಳಗೆ ಸಾಮಾನ್ಯವಾಗಿ ಎರಡು ಮೊಟ್ಟೆ. ಜಾಗ ಇಕ್ಕಟ್ಟಾದಾಗ, ಆಹಾರ ಕಮ್ಮಿ ಆದಾಗ, ಹಗಲು ಚಿಕ್ಕದಾದಾಗ ತಾಯಿ ಮೊದಲು ಗಂಡುಮರಿ ಹಾಕತ್ತೆ, ಇಲ್ಲಿ ಗಂಡು ಹೆಣ್ಣು ಅನ್ನೋದು ವಂಶವಾಹಿಯ ವ್ಯತ್ಯಾಸ ಅಲ್ಲ, ಪರಿಸ್ಥಿತಿ ನೋಡಿ ತೀರ್ಮಾನ ಆಗೋದು, ಮಗನೂ ತಾಯಿಯ ನಕಲೇ. ಆಮೇಲೆ ಬೇರೆ ಥರದ ಮೊಟ್ಟೆ ಇಟ್ಟು, ಗಂಡಿನ ಜೊತೆ ಕೂಡಿ, ಈ ಕಪ್ಪು ಡಬ್ಬಿಗೆ ಹಾಕಿ ತಳಕ್ಕೆ ಬಿಟ್ಟುಬಿಡತ್ತೆ, ಒಳ್ಳೇ ಕಾಲ ಬಂದಾಗ ಒಡೀಲಿ ಅಂತ. ಈ ಮೊಟ್ಟೆಗಳ ತಾಳ್ಮೆ ಎಂಥದ್ದು ಅಂದ್ರೆ ಅಮೆರಿಕದ ಮಿನೆಸೋಟಾದ ಒಂದು ಕೆರೆಯ ಹೂಳಿಂದ ಸುಮಾರು 700 ವರ್ಷ ಹಳೇ ಮೊಟ್ಟೆಗಳನ್ನ ತೆಗೆದು ಲ್ಯಾಬಲ್ಲಿ ಮರಿ ಮಾಡಿಸಿದ್ದಾರೆ, 2014ರಲ್ಲಿ ಅದರ ವರದಿ ಬಂತು. ಸತ್ತ ಅಜ್ಜಿಯನ್ನೇ ಎಬ್ಬಿಸಿ ಮೊಮ್ಮಗಳ ಪಕ್ಕ ನಿಲ್ಲಿಸಿ ಹೋಲಿಸೋ ಭಾಗ್ಯ ಬೇರೆ ಯಾವ ಪ್ರಾಣಿ ಸಾಕೋರಿಗಿದೆ ಹೇಳಿ.

ಸರಿ, ನಿಮಗೆ ಇದು ಯಾಕೆ ತಲೆನೋವು ಅಂದ್ರೆ, ಆ ಡಬ್ಬಿಯಿಂದ ಹೊರಗೆ ಬರೋ ಮರಿ ನಿಮ್ಮ ಹಳೇ ನಕಲು ಅಲ್ಲ. ನಿಮ್ಮ ಜಾಡೀಲಿ ಇರೋದು ಒಂದೇ ಕ್ಲೋನ್ (ಒಬ್ಬಳೇ ತಾಯಿಯ ನಕಲುಗಳ ಸಾಲು) ಆದ್ರೆ ಅಣ್ಣ ತಂಗಿ ಕೂಡಿದ್ದು ಅಂದ್ರೆ ತನ್ನ ಜೊತೆ ತಾನೇ ಕೂಡಿದ ಲೆಕ್ಕ, ವಂಶವಾಹಿ ಮತ್ತೆ ಕಲಸಿ ಹಂಚಿಹೋಗತ್ತೆ, ಬಲಹೀನ ಮರಿಗಳೂ ಬರಬಹುದು. ಅವು ನಿಮ್ಮ ಸಾಲಿನೊಳಗೆ ಸೇರ್ಕೊಂಡ್ರೆ ಕ್ಲೋನ್ ಅನ್ನೋ ಮಾತಿಗೆ ಅರ್ಥ ಉಳಿಯಲ್ಲ. ತಳದ ಕಪ್ಪು ಚೂರುಗಳನ್ನ ಪಿಪೆಟ್‌ನಿಂದ ಎಳೆದು ತೆಗೀರಿ, ಕಪ್ಪು ಬೆನ್ನಿನ ಹೆಣ್ಣುಗಳನ್ನ ಗಂಡುಗಳನ್ನ ಬೇರೆ ಮಾಡಿ, ಮರಿಚೀಲದಲ್ಲಿ ಹಸಿರು ಮೊಟ್ಟೆ ತುಂಬ್ಕೊಂಡಿರೋ ಒಬ್ಬಳನ್ನ ಹಿಡಿದು ಹೊಸ ಜಾಡೀಲಿ ಮತ್ತೆ ಶುರು ಮಾಡಿ. ಹೌದು, ಮೂರು ತಲೆಮಾರಿನ ಲೆಕ್ಕಾನೂ ಮತ್ತೆ ಮೊದಲಿಂದ.

ಇಕ್ಕಟ್ಟಿಲ್ಲ, ಆಹಾರ ಇದೆ, ಬೆಳಕಿದೆ, ಆದ್ರೂ ಬರೀ ಗಂಡು ಬರ್ತಿದೆ ಅಂದ್ರೆ ಒಂದು ಕಡೆ ಗಮನ ಕೊಡಿ, ಸೊಳ್ಳೆ ಮರಿ ಕೊಲ್ಲೋಕೆ ಬಳಸೋ ಪೈರಿಪ್ರಾಕ್ಸಿಫೆನ್, ಮೆಥೋಪ್ರೀನ್ ಥರದ ಔಷಧಗಳು ಕೀಟಗಳ ಹಾರ್ಮೋನನ್ನ ಅನುಕರಿಸ್ತಾವೆ, ಡಾಫ್ನಿಯಾ ಅದನ್ನ ಗಂಡು ಹೆರು ಅನ್ನೋ ಸಂದೇಶ ಅಂತ ತಿಳ್ಕೊಳ್ಳತ್ತೆ. ನೀರಿನ ಮೂಲ ಎಲ್ಲಿಂದ ಬಂತು ಅಂತ ಹುಡುಕಿ.

ಪ್ರಶ್ನೆ: ಮರಿಗಳು ನೀರಿನ ಮೇಲೆ ಅಂಟ್ಕೊಂಡ ಹಾಗೆ ತೇಲ್ತಾವೆ, ಒಳಗೆ ಹೋಗೋದೇ ಇಲ್ಲ.

ಉತ್ತರ: ಚಿಪ್ಪಿನೊಳಗೆ ಗಾಳಿಗುಳ್ಳೆ ಸಿಕ್ಕಿಹಾಕ್ಕೊಂಡಿದೆ. ಡ್ರಾಪರ್ ತುದಿಯನ್ನ ನೀರಿನ ಒಳಗೆ ಮುಳುಗಿಸಿ ಆಮೇಲೆ ಮರಿ ಬಿಡಿ, ಮೇಲಿಂದ ಹನಿ ಹನಿ ಬೀಳಿಸಬೇಡಿ. ತುದಿ ಅಗಲ ಇರೋ ಪಿಪೆಟ್ ಬೇಕು, ಏರೇಟರ್ ಸಣ್ಣ ಗುಳ್ಳೆ ಎಬ್ಬಿಸ್ತಿದ್ರೆ ಆಫ್ ಮಾಡಿ. ತೇಲ್ತಿರೋದರ ಮೇಲೆ ಒಂದು ಹನಿ ನೀರು ಬಿಟ್ರೆ ಮುಳುಗತ್ತೆ.

ಪ್ರಶ್ನೆ: ಪಿಎಚ್.ಡಿ. ಎರಡನೇ ವರ್ಷ. ಒಂದೇ ಕ್ಲೋನ್ ತಗೊಂಡು ಸ್ವಲ್ಪ ಸ್ವಲ್ಪ ತಾಮ್ರದಲ್ಲಿ ಮೂರು ತಲೆಮಾರು ಬೆಳೆಸಿದೆ. ಮೂರನೇ ತಲೆಮಾರು ಮೊದಲನೇದಕ್ಕಿಂತ ಚೆನ್ನಾಗಿ ತಡ್ಕೊಳ್ತಿದೆ. ತಾಮ್ರಕ್ಕೆ ವಿಕಾಸ ಆಗಿದೆ ಅಂತ ಪೇಪರ್ ಬರೀಬಹುದಾ?

ಉತ್ತರ: ಬರೀಬೇಡಿ, ದಯವಿಟ್ಟು. ಈ ಒಂದು ಪ್ರಶ್ನೆಗೋಸ್ಕರ ಈ ಪುಟ ಮಾಡಿದ್ದು ಅಂತ ಇಟ್ಕೊಳ್ಳಿ.

ವಿಕಾಸ ಆಗಬೇಕಾದ್ರೆ ಆರಿಸೋಕೆ ವಂಶವಾಹಿಯಲ್ಲಿ ವ್ಯತ್ಯಾಸ ಇರಬೇಕು. ನಿಮ್ಮ ಹತ್ರ ಇರೋದು ಒಂದೇ ಕ್ಲೋನ್, ನೂರು ಬೀಕರಲ್ಲಿ ಒಬ್ಬಳೇ ಇದ್ದಾಳೆ ಅಂತಾನೇ ಲೆಕ್ಕ. ಹೊಸ ಮ್ಯುಟೇಶನ್ ಬರತ್ತೆ ನಿಜ, ಮೂರು ತಲೆಮಾರಲ್ಲಿ, ನಿಮ್ಮಷ್ಟು ಸಣ್ಣ ಸಂಖ್ಯೇಲಿ, ತಾಮ್ರಕ್ಕೇ ಬೇಕಾದದ್ದು ಬಂದು ಎಲ್ಲಾ ಕಡೆ ಹರಡ್ತು ಅಂದ್ರೆ ನಂಬೋದು ಕಷ್ಟ. ಹಾಗಿದ್ರೆ ಏನಾಗಿದೆ? ಲೋಹ ತಾಗಿದ್ರೆ ಡಾಫ್ನಿಯಾ ಮೆಟಲೋಥಯೊನೀನ್ ಅನ್ನೋ ಪ್ರೋಟೀನ್ ಜಾಸ್ತಿ ಮಾಡ್ಕೊಂಡು ಲೋಹವನ್ನ ಹಿಡಿದಿಡತ್ತೆ, ಅದು ಆ ಜೀವದ ಒಗ್ಗಿಕೆ. ತಾಯಿ ಒಗ್ಗಿಕೊಂಡಿದ್ರೆ ಮೊಟ್ಟೆ ತುಂಬೋ ರೀತೀನೂ ಬದಲಾಗಬಹುದು, ಅದು ತಾಯಿಯ ಪ್ರಭಾವ. ಇವೆರಡರಲ್ಲೂ ಡಿಎನ್‌ಎ ಅಕ್ಷರ ಒಂದೂ ಬದಲಾಗಿರಲ್ಲ. ಇದೇನೂ ಸಣ್ಣ ಸುದ್ದಿ ಅಲ್ಲ, 1999ರಲ್ಲಿ ಅಗ್ರವಾಲ್, ಲಾಫೋರ್ಶ್, ಟೋಲ್ರಿಯನ್ ಅಂತ ಮೂವರು ಇನ್ನೊಂದು ಡಾಫ್ನಿಯಾ ಜಾತೀಲಿ ತೋರಿಸಿದ್ರು, ಬೇಟೆಗಾರ ಹುಳದ ವಾಸನೆ ಕಂಡ ತಾಯಿಯ ಮರಿಗಳು ಆ ವಾಸನೆ ಇಲ್ಲದ ನೀರಲ್ಲೂ ದೊಡ್ಡ ಶಿರಸ್ತ್ರಾಣ ಬೆಳೆಸ್ಕೊಳ್ತಾವೆ ಅಂತ. ತಾಯಿಗೆ ಬಿದ್ದ ಹೆದರಿಕೆ ಮಗಳ ತಲೆ ಆಕಾರದಲ್ಲಿ. ನಿಮ್ಮದೂ ಆ ಸಾಲಿನ ಕೆಲಸ ಆಗಬಹುದು, ಆದ್ರೆ ಹೆಸರು ಸರಿಯಾಗಿ ಇಡಬೇಕು.

ಹೇಗೆ ಪರೀಕ್ಷೆ ಮಾಡೋದು ಅಂದ್ರೆ ತಾಮ್ರದ ಸಾಲನ್ನ ಈಗ ಎರಡು ಭಾಗ ಮಾಡಿ, ಅರ್ಧ ತಾಮ್ರದಲ್ಲೇ ಮುಂದುವರೀಲಿ, ಅರ್ಧವನ್ನ ಶುದ್ಧ ನೀರಿಗೆ ತನ್ನಿ. ಶುರುವಿಂದ ತಾಮ್ರ ಕಾಣದ ಕಂಟ್ರೋಲ್ ಸಾಲು ಪಕ್ಕದಲ್ಲೇ, ಅದೇ ಪಾಚಿ, ಅದೇ ಶೆಲ್ಫು, ಅದೇ ಸೂಲಿನ ಲೆಕ್ಕದಲ್ಲಿ ನಡೀತಾ ಇರಬೇಕು. (ಇಲ್ಲಿವರೆಗೆ ಕಂಟ್ರೋಲ್ ಸಾಲು ಇಟ್ಟಿಲ್ಲ ಅಂದ್ರೆ ಮೂರನೇ ತಲೆಮಾರು ಗಟ್ಟಿಯಾಗಿದ್ದು ನೀವೇ ಸಾಕೋದ್ರಲ್ಲಿ ಪಳಗಿದ್ರಿಂದಾನೂ ಇರಬಹುದು, ಬೇಜಾರು ಮಾಡ್ಕೋಬೇಡಿ, ಎಲ್ಲರಿಗೂ ಆಗತ್ತೆ.) ಶುದ್ಧ ನೀರಿಗೆ ಬಂದವುಗಳ ಮೊಮ್ಮಗಳಲ್ಲಿ ಈ ತಾಕತ್ತು ಹೋಗಿಬಿಟ್ರೆ ಅದು ಒಗ್ಗಿಕೆ ಅಥವಾ ತಾಯಿಯ ಪ್ರಭಾವ. ಆಗಲೇ ಹೇಳಿದ ಹಾಗೆ ತಾಮ್ರ ತಾಗಿದ ಹೆಣ್ಣಿನೊಳಗೆ ಇನ್ನೆರಡು ತಲೆಮಾರು ಇರೋದ್ರಿಂದ, ತಾಮ್ರ ನಿಲ್ಲಿಸಿದ ಮೇಲೆ ಮರಿಮಗಳಲ್ಲೂ ಉಳಿದಿದ್ರೆ ಮಾತ್ರ ನಿಜವಾಗಿ ತಲೆಮಾರು ದಾಟಿದೆ ಅನ್ನಬಹುದು. ವಿಕಾಸಾನೇ ನೋಡಬೇಕು ಅಂತ ಆಸೆ ಇದ್ರೆ ಒಂದೇ ಕ್ಲೋನ್ ಬಿಡಿ, ಹತ್ತಿಪ್ಪತ್ತು ಬೇರೆ ಬೇರೆ ಕ್ಲೋನ್ ಒಟ್ಟಿಗೆ ಹಾಕಿ ಯಾವುದು ಉಳಿಯತ್ತೆ ಅಂತ ನೋಡಿ, ಅದು ಬೇರೇನೇ ಪ್ರಯೋಗ.

ಇನ್ನೊಂದು ಮಾತು, ಪ್ರತಿ ತಲೆಮಾರಿಗೂ ಗಟ್ಟಿಮುಟ್ಟಾದ ಮರಿಗಳನ್ನೇ ನೀವು ಕೈಯಾರೆ ಆರಿಸಿದ್ದೀರಾ? ಎಲ್ಲರೂ ಹಾಗೇ ಮಾಡೋದು, ಕೈ ತಾನಾಗೇ ದೊಡ್ಡದರ ಕಡೆ ಹೋಗತ್ತೆ. ಚೀಟಿ ಎತ್ತಿ ಆರಿಸಿ.

ಪ್ರಶ್ನೆ: ಕಲ್ಚರ್ ಆರೋಗ್ಯವಾಗಿದೆ ಅಂತ ಯಾವ ಲೆಕ್ಕದಲ್ಲಿ ಹೇಳೋದು?

ಉತ್ತರ: ಮೂರು ಅಂಕಿ ನೆನಪಿಟ್ಕೊಳ್ಳಿ. ಒಂದು, ವಿಷ ಇಲ್ಲದ ಕಂಟ್ರೋಲ್‌ನಲ್ಲಿ 21 ದಿನಕ್ಕೆ ಬದುಕುಳಿದ ಒಂದೊಂದು ತಾಯಿಗೆ ಸರಾಸರಿ 60 ಆದ್ರೂ ಜೀವಂತ ಮರಿ ಬರಬೇಕು, ತಾಯಂದಿರ ಸಾವು 20 ಶೇಕಡಾ ದಾಟಬಾರದು. ಎರಡು, 48 ಗಂಟೆಯ ವಿಷ ಪರೀಕ್ಷೇಲಿ 24 ಗಂಟೆಯೊಳಗಿನ ಮರಿಗಳನ್ನ ಬೀಕರಿಗೆ 5ರ ಹಾಗೆ 4 ಬೀಕರಲ್ಲಿ ಹಾಕ್ತೀವಲ್ಲ, ಆ ಕಂಟ್ರೋಲಿನ 20ರಲ್ಲಿ 2ಕ್ಕಿಂತ ಜಾಸ್ತಿ ನಿಂತುಹೋಗಿದ್ರೆ ಪರೀಕ್ಷೆ ರದ್ದು. ನಿಂತುಹೋಗೋದು ಅಂದ್ರೆ ಬೀಕರನ್ನ ಮೆಲ್ಲಗೆ ಅಲುಗಿಸಿದ ಮೇಲೆ 15 ಸೆಕೆಂಡ್ ಈಜದೇ ಇರೋದು, ಕೊಂಬು ಅಲ್ಲಾಡ್ತಿದ್ರೂ ಈಜದಿದ್ರೆ ನಿಂತ ಹಾಗೇ. ಮೂರು, ಆಗಾಗ ಪೊಟ್ಯಾಸಿಯಂ ಡೈಕ್ರೋಮೇಟ್ ಅನ್ನೋ ವಿಷವನ್ನ ಹೋಲಿಕೆಗೆ ಅಂತ ಹಾಕಿ ನೋಡಿ, 24 ಗಂಟೇಲಿ ಅರ್ಧ ಮರಿಗಳನ್ನ ನಿಲ್ಲಿಸೋ ಪ್ರಮಾಣ ಲೀಟರಿಗೆ 0.6 ರಿಂದ 2.1 ಮಿಲಿಗ್ರಾಂ ಒಳಗೆ ಬರಬೇಕು. ಅದಕ್ಕಿಂತ ಕಮ್ಮಿಗೇ ಬಿದ್ರೆ ಪ್ರಾಣಿ ಸೊರಗಿದೆ, ಜಾಸ್ತಿ ಹೋದ್ರೆ ನಿಮ್ಮ ಸೊಲ್ಯೂಷನ್ ಮೇಲೆ ನನಗೆ ಅನುಮಾನ. ಡೈಕ್ರೋಮೇಟ್ ಕ್ಯಾನ್ಸರ್ ತರೋ ವಸ್ತು, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಸಿಂಕಿಗೆ ಚೆಲ್ಲಬೇಡಿ.

ಪ್ರಶ್ನೆ: ಎರಡು ವಾರ ರಜಾ ಹೋಗ್ಬೇಕು. ಒಂದು ವರ್ಷದ ಸಾಲು, ಏನು ಮಾಡ್ಲಿ?

ಉತ್ತರ: ಒಂದೇ ಜಾಡೀಲಿ ಇಡೋದು ಅಂದ್ರೆ ಜೂಜು. ಅದೇ ಕ್ಲೋನಿನ ಕಡೇಪಕ್ಷ ಮೂರು ಜಾಡಿ ಮಾಡಿ, ಮೂರೂ ಬೇರೆ ಬೇರೆ ವಾರ ಶುರು ಮಾಡಿದ್ದಿರಲಿ. 20 ಡಿಗ್ರೀಲಿ ಮ್ಯಾಗ್ನಾ ಹತ್ತಿರ ಹತ್ತಿರ ಎರಡು ತಿಂಗಳು ಬದುಕತ್ತೆ, ಮುದುಕಿಯರೇ ತುಂಬಿರೋ ಜಾಡಿ ನೀವು ವಾಪಸ್ ಬರೋಷ್ಟರಲ್ಲಿ ಖಾಲಿ ಆಗಿರಬಹುದು. ಒಂದು ಜಾಡಿಯನ್ನ ಸ್ವಲ್ಪ ತಂಪಲ್ಲಿ, 15 ಡಿಗ್ರಿ ಹತ್ರ ಇಟ್ರೆ ಎಲ್ಲಾ ನಿಧಾನ ಆಗತ್ತೆ, ಊಟಾನೂ ಕಮ್ಮಿ ಸಾಕು, ಆದ್ರೆ ಆ ಜಾಡಿಯನ್ನ ನೇರ ಪ್ರಯೋಗಕ್ಕೆ ತಗೋಬೇಡಿ, ಅದೂ ಒಂದು ನೆನಪೇ. ಇನ್ನೊಂದು ಜಾಡಿ ಬೇರೆ ರೂಮಲ್ಲಿ, ಸಾಧ್ಯ ಆದ್ರೆ ಬೇರೆ ಬಿಲ್ಡಿಂಗಲ್ಲೇ ಇರಲಿ, ಕರೆಂಟ್ ಹೋದ್ರೆ ಏರೇಟರ್ ನಿಂತ್ರೆ ಎಲ್ಲಾ ಒಟ್ಟಿಗೆ ಹೋಗಬಾರದು. ಪಾಚಿಯನ್ನ ಗಟ್ಟಿ ಮಾಡಿ ಫ್ರಿಜ್ಜಲ್ಲಿ 4 ಡಿಗ್ರೀಲಿ ಕತ್ತಲಲ್ಲಿ ಇಟ್ಟು, ದಿನದ ಲೆಕ್ಕಕ್ಕೆ ಸಣ್ಣ ಸಣ್ಣ ಟ್ಯೂಬಲ್ಲಿ ತುಂಬಿಟ್ಟು ಹೋಗಿ. ನೋಡ್ಕೊಳ್ಳೋರಿಗೆ ದಿನಕ್ಕೊಂದು ಟ್ಯೂಬ್, ಅಷ್ಟೇ, ಪಾಪ ಹಸಿದಿರಬೇಕು ಅಂತ ಎರಡು ಹಾಕಬೇಡಿ ಅಂತ ಬರೆದಿಡಿ, ಪ್ರೀತಿಯಿಂದ ಸಾಯಿಸೋರೇ ಜಾಸ್ತಿ. ಜಾಡಿ ಮೇಲೆ ಕ್ಲೋನಿನ ಹೆಸರು, ಎಷ್ಟನೇ ತಲೆಮಾರು, ಕೊನೇ ಸೂಲಿನ ತಾರೀಕು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಲ್ಯಾಬ್ ಗುಡಿಸಿ ಒರೆಸೋರಿಗೂ ಅರ್ಥ ಆಗೋ ಹಾಗೆ ಕನ್ನಡದಲ್ಲಿ: ಇದು ಕೊಳಕು ನೀರಲ್ಲ, ಒಳಗೆ ಜೀವ ಇದೆ, ಚೆಲ್ಲಬೇಡಿ. ನಾನು ಈ ಚೀಟಿ ಅಂಟಿಸೋಕೆ ಶುರು ಮಾಡಿದ್ದು ಒಂದು ಸಲ ಚೆಲ್ಲಿಹೋದ ಮೇಲೆ.